ಇಪ್ಪತ್ತೊಂಬತ್ತು ನಿಮಿಷ

ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಒಂದು ದೊಡ್ಡ ಜಗಳವಾಯಿತು. ಆಸ್ತಿಯ ಜಗಳವಲ್ಲ, ಒಡವೆಯ ಜಗಳವೂ ಅಲ್ಲ. ಹೋಳಿಗೆಯ ಹೂರಣ ಗಟ್ಟಿಯಾಯಿತೆಂಬ ವಾರ್ಷಿಕ ಜಗಳ ಹೇಗೂ ಇದ್ದದ್ದೇ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಜಗಳ ನಡೆದದ್ದು ನನ್ನ ತಮ್ಮನಿಗೂ ನನ್ನ ಮಗಳಿಗೂ. ವಿಷಯ ಏನೆಂದರೆ, 1970ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ತಲೆಯೆತ್ತಿದ ಪಂಕ್ ಎಂಬ ಸಂಗೀತದ ತಂಡಗಳು ನಿಜವಾಗಿ ದೊಡ್ಡವೆನ್ನಬಹುದಾದ ಆಲ್ಬಮ್‌ಗಳನ್ನು ಮಾಡಿದವೇ, ಅಥವಾ ಬರೀ ನಾಲ್ಕಾರು ಒಳ್ಳೆಯ ಹಾಡು ಹಾಡಿ ಹೊರಟುಹೋದವೇ ಎಂಬುದು.

ನಗಬೇಡಿ. ಹಬ್ಬದ ಮನೆಯಲ್ಲಿ ಇಂಥ ವಿಷಯಕ್ಕೂ ಜಗಳವಾಗುತ್ತದೆ. ತಮ್ಮನಿಗೆ ಈಗ ಐವತ್ತು ದಾಟಿದೆ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ಅವನ ಹಾಸ್ಟೆಲಿನ ದಿನಗಳಲ್ಲಿ ಒಬ್ಬರ ಕ್ಯಾಸೆಟ್ಟಿನಿಂದ ಇನ್ನೊಬ್ಬರು ನಕಲು ಮಾಡಿಕೊಂಡು ಇಂಗ್ಲಿಷ್ ಹಾಡು ಕೇಳುವ ಹುಚ್ಚು ಹುಡುಗರಿಗೆಲ್ಲ ಇತ್ತು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಸಂಬಳದ ದುಡ್ಡು ಸುರಿದು ಕೊಳ್ಳುವುದು ಅವಳ ಹುಚ್ಚು.

"ಹಾಡೇನೋ ಸರಿ ಪುಟ್ಟಿ, ಆದರೆ ನಾಲ್ಕು ಹಾಡು ಕಟ್ಟಿದವರನ್ನು ದೊಡ್ಡವರು ಅನ್ನೋಕಾಗಲ್ಲ. ಮಾಡಿದರೆ ಪೂರ್ತಿಯಾಗಿ ಮಾಡಬೇಕು. ಪಿಂಕ್ ಫ್ಲಾಯ್ಡ್ ಮಾಡಲಿಲ್ಲವೇ?" ಎಂದ ತಮ್ಮ.

"ಮಾವ, ನೀವು ಉದ್ದವನ್ನ ಎತ್ತರ ಅಂದುಕೊಂಡಿದ್ದೀರ" ಎಂದಳು ಮಗಳು.

ನಮ್ಮವರು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಿಮ್ಮಮ್ಮ ಮೂವತ್ತು ವರ್ಷ ಪೇಪರು ತಿದ್ದಿದ್ದಾಳೆ, ಅವಳೇ ಮಾರ್ಕ್ಸು ಹಾಕಲಿ ಬಿಡಿ" ಎಂದು ವ್ಯಾಜ್ಯವನ್ನು ನನ್ನ ತಲೆಗೆ ಕಟ್ಟಿದರು. ನಾನು ಸಮಾಜ ವಿಜ್ಞಾನದ ಮೇಷ್ಟ್ರಮ್ಮ. ಓದದೆ ಮಾರ್ಕ್ಸು ಹಾಕುವವಳಲ್ಲ. ಸಂಕ್ರಾಂತಿಯವರೆಗೆ ಕಾಲಾವಕಾಶ ಬೇಕೆಂದೆ. ತಮ್ಮನ ಮಾತು ಎಲ್ಲೋ ಕೇಳಿದ್ದ ಮಾತಿನಂತೆ ಕಿವಿಯಲ್ಲಿ ಉಳಿಯಿತು. ಎಲ್ಲಿ ಕೇಳಿದ್ದೆನೆಂದು ಆಗ ಹೊಳೆಯಲಿಲ್ಲ.

ಮಗಳು ನನ್ನ ಫೋನಿನಲ್ಲಿ ಎಲ್ಲವನ್ನೂ ಜೋಡಿಸಿಕೊಟ್ಟು, ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಿಸಿ ಇಟ್ಟುಹೋದಳು. ಬೆಳಗ್ಗೆ ಸೊಪ್ಪು ಸೋಸುವಾಗ, ರಾತ್ರಿ ಬಟ್ಟೆ ಮಡಿಸುವಾಗ ಕಿವಿಗೆ ಸಿಕ್ಕಿಸಿಕೊಂಡು ಕೇಳತೊಡಗಿದೆ. ಮೊದಲ ವಾರ ನನಗೆ ಕೇಳಿಸಿದ್ದು ಮಿಕ್ಸಿಯಲ್ಲಿ ಒಣಮೆಣಸಿನಕಾಯಿ ಹಾಕಿ ತಿರುಗಿಸಿದ ಸದ್ದು, ಅಷ್ಟೆ. ಎರಡನೇ ವಾರ ಮಿಕ್ಸಿಯ ಒಳಗೊಂದು ರಾಗವಿದೆ ಅನ್ನಿಸಿತು. ಮೂರನೇ ವಾರ ಸಾರಿಗೆ ಒಗ್ಗರಣೆ ಹಾಕುತ್ತ ನಾನೇ ಗುನುಗುತ್ತಿದ್ದೆ. ನಮ್ಮವರು ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಹೋದರು.

ಮೊದಲು ಆಲ್ಬಮ್ ಎಂದರೇನು ಎಂಬುದನ್ನು ತಿಳಿಯಬೇಕು. ನಮ್ಮ ಹಿರಿಯರ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ ಮಾತ್ರ ಹಾಡು ಹಿಡಿಯುತ್ತಿತ್ತು. ಅಂಥ ಹಲವು ತಟ್ಟೆಗಳನ್ನು ಮದುವೆಯ ಫೋಟೋ ಆಲ್ಬಮ್ಮಿನಂಥ ಪುಸ್ತಕದಲ್ಲಿ ಸೇರಿಸಿ ಮಾರುತ್ತಿದ್ದುದರಿಂದ ಅದಕ್ಕೆ ಆಲ್ಬಮ್ ಎಂದು ಹೆಸರಾಯಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಧಾನವಾಗಿ ತಿರುಗುವ ಎಲ್.ಪಿ. ತಟ್ಟೆಯನ್ನು ತಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವ ತಟ್ಟೆ ಅದು. ಜಾಗ ದೊಡ್ಡದಾದರೆ ಸಾಮಾನು ಹೆಚ್ಚುತ್ತದೆ, ಇದು ನಮ್ಮ ಅಟ್ಟಕ್ಕೂ ಅನ್ವಯಿಸುವ ಸತ್ಯ. 1967ರಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಬಂದ ಮೇಲಂತೂ ಆಲ್ಬಮ್ ಎಂದರೆ ಹಾಡುಗಳ ಗಂಟಲ್ಲ, ಒಂದು ಕಾದಂಬರಿಯ ಹಾಗೆ ಆದಿ, ಅಂತ್ಯ ಇರುವ ಕೃತಿ ಎಂಬ ಭಾವನೆ ಬೇರೂರಿತು. 1973ರಲ್ಲಿ ಯೆಸ್ ಎಂಬ ತಂಡ ಎರಡು ತಟ್ಟೆಗಳ ಒಂದು ಆಲ್ಬಮ್ ತಂದಿತು. ಅದರಲ್ಲಿರುವುದು ನಾಲ್ಕೇ ಹಾಡು, ಮಗ್ಗುಲಿಗೊಂದು! ತಮ್ಮನ ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದ ಮೂನ್' ಬಂದದ್ದೂ ಅದೇ ವರ್ಷ.

ಇಂಥ ದೊಡ್ಡ ಮದುವೆ ಊಟದ ನಡುವೆ ಗಂಜಿ, ಉಪ್ಪಿನಕಾಯಿ ಹಿಡಿದುಕೊಂಡು ಬಂದವರು ಪಂಕ್ ಹುಡುಗರು. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ನಾಲ್ವರು, ಒಡಹುಟ್ಟಿದವರಲ್ಲದಿದ್ದರೂ ರಮೋನ್ ಎಂಬ ಒಂದೇ ಮನೆತನದ ಹೆಸರಿಟ್ಟುಕೊಂಡು, ಬೌರಿ ಬೀದಿಯ ಸಿ.ಬಿ.ಜಿ.ಬಿ. ಎಂಬ ಕೊಳಕು ಹೋಟೆಲಿನಲ್ಲಿ ಹಾಡುತ್ತಿದ್ದರು. 1976ರ ಏಪ್ರಿಲ್‌ನಲ್ಲಿ ಅವರ ಮೊದಲ ಆಲ್ಬಮ್ ಬಂತು. 14 ಹಾಡು, ಒಟ್ಟು 29 ನಿಮಿಷ. ಯಾವ ಹಾಡೂ ಮೂರು ನಿಮಿಷ ಮುಟ್ಟುವುದಿಲ್ಲ. ಖರ್ಚು ಸುಮಾರು 6,400 ಡಾಲರ್. ದೊಡ್ಡ ತಂಡಗಳು ತಿಂಗಳುಗಟ್ಟಲೆ ಧ್ವನಿಮುದ್ರಣ ಶಾಲೆಯಲ್ಲಿ ಕೂರುತ್ತಿದ್ದ ಕಾಲದಲ್ಲಿ ಇವರು ಕೆಲವೇ ದಿನಗಳಲ್ಲಿ ಕೆಲಸ ಮುಗಿಸಿ ಎದ್ದಿದ್ದರು.

ಲಂಡನ್ನಿನಲ್ಲಿ ಆಗ ಕಷ್ಟಕಾಲ. ನಿರುದ್ಯೋಗಿಗಳು ಹತ್ತು ಲಕ್ಷ ದಾಟಿದ್ದರು. 1976ರಲ್ಲಿ ಬ್ರಿಟಿಷ್ ಸರ್ಕಾರವೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿತ್ತು. ಸೂರ್ಯ ಮುಳುಗದ ಸಾಮ್ರಾಜ್ಯದ ಪಾಠವನ್ನು ಮಕ್ಕಳಿಗೆ ಪ್ರತಿವರ್ಷ ಹೇಳುವ ನನಗೆ ಈ ಸಂಗತಿ ಓದಿದಾಗ ಒಂದು ಬಗೆಯ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಶಾಲೆ ಮುಗಿಸಿ ಕೆಲಸ ಸಿಗದ ಹುಡುಗ ಹುಡುಗಿಯರಿಗೆ ಇಪ್ಪತ್ತು ನಿಮಿಷದ ಹಾಡು ಯಾವ ಊರಿನ ಮಾತು? ಮೂರು ಸ್ವರ ಬಂದರೆ ಸಾಕು, ನೀವೇ ಹಾಡಿ ಎಂದ ಈ ಹೊಸ ಸಂಗೀತ ಅವರಿಗೆ ಹಿಡಿಸಿತು. ಸೆಕ್ಸ್ ಪಿಸ್ಟಲ್ಸ್ ತಂಡದ ಗಾಯಕ ಜಾನ್ ಲೈಡನ್ ಪಿಂಕ್ ಫ್ಲಾಯ್ಡ್ ಎಂದರೆ ನನಗಾಗದು ಎಂದು ಬರೆದಿದ್ದ ಬನಿಯನ್ ತೊಟ್ಟು ತಿರುಗುತ್ತಿದ್ದನಂತೆ. ಇದನ್ನು ತಮ್ಮನಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ಈಗ ತಮ್ಮನ ಪಕ್ಷದ ವಾದಕ್ಕೆ ಬರೋಣ. ಅದು ಹುರುಳಿಲ್ಲದ ವಾದವಲ್ಲ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡವನ್ನೇ ನೋಡಿ. ಮನೆಯವರಿಂದ, ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ತೆಗೆದು, ಒಂದೇ ದಿನದಲ್ಲಿ ನಾಲ್ಕು ಹಾಡು ಮುದ್ರಿಸಿ, 1977ರ ಜನವರಿಯಲ್ಲಿ ತಾವೇ ಒಂದು ಸಾವಿರ ತಟ್ಟೆ ಹೊರತಂದರು. ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡಬಹುದೆಂದು ಎಷ್ಟೋ ಹುಡುಗರಿಗೆ ತೋರಿಸಿಕೊಟ್ಟದ್ದು ಆ ನಾಲ್ಕು ಹಾಡಿನ ತಟ್ಟೆ. ಮುಂದೆ ಅವರು ಆಲ್ಬಮ್‌ಗಳನ್ನೂ ಮಾಡಿದರು. ಆದರೆ ಇವತ್ತಿಗೂ ಜನ ಮೊದಲು ಹೆಸರಿಸುವುದು 1979ರ 'ಸಿಂಗಲ್ಸ್ ಗೋಯಿಂಗ್ ಸ್ಟೆಡಿ'ಯನ್ನು. ಅದು ಆಲ್ಬಮ್ ಎಂದು ಕಟ್ಟಿದ್ದೇ ಅಲ್ಲ. ಬಿಡಿಬಿಡಿಯಾಗಿ ಬಂದಿದ್ದ ಎಂಟು ತಟ್ಟೆಗಳ ಮುಂಬದಿಯ ಹಾಡುಗಳನ್ನು ಒಂದು ಮಗ್ಗುಲಿಗೂ ಹಿಂಬದಿಯ ಹಾಡುಗಳನ್ನು ಇನ್ನೊಂದು ಮಗ್ಗುಲಿಗೂ ಬಂದ ಕ್ರಮದಲ್ಲೇ ಹಾಕಿದ ಸಂಗ್ರಹ. "ನೋಡಿದೆಯಾ ಅಕ್ಕ, ಅವರ ಅತ್ಯುತ್ತಮ ಆಲ್ಬಮ್ಮೇ ಆಲ್ಬಮ್ ಅಲ್ಲ" ಎಂದು ತಮ್ಮ ಫೋನಿನಲ್ಲಿ ಗೆದ್ದವನಂತೆ ನಕ್ಕ.

ಸೆಕ್ಸ್ ಪಿಸ್ಟಲ್ಸ್ ಮಾಡಿದ್ದು ಒಂದೇ ಒಂದು ಆಲ್ಬಮ್, 1977ರ ಅಕ್ಟೋಬರ್‌ನಲ್ಲಿ. ಅದರ ನಾಲ್ಕು ಮುಖ್ಯ ಹಾಡುಗಳು ಅದಕ್ಕೆ ಮೊದಲೇ ಬಿಡಿಯಾಗಿ ಬಂದಿದ್ದವು. ಮೂರು ತಿಂಗಳಲ್ಲಿ, 1978ರ ಜನವರಿಯಲ್ಲಿ, ತಂಡವೇ ಒಡೆಯಿತು. 1979ರ ಫೆಬ್ರವರಿಯಲ್ಲಿ ಅವರಲ್ಲೊಬ್ಬ ಹುಡುಗ ಸಿಡ್ ವಿಷಸ್ ಮಾದಕವಸ್ತುವಿಗೆ ಬಲಿಯಾದ. ಅವನಿಗೆ ಇಪ್ಪತ್ತೊಂದು ವರ್ಷ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಇದನ್ನು ಓದಿದ ರಾತ್ರಿ ನಾನು ಮುಂದೆ ಕೇಳಲಿಲ್ಲ. ಹಾಡಿನ ಹೊಗಳಿಕೆಯಲ್ಲಿ ಇಂಥ ಸಾವುಗಳನ್ನು ಒಂದು ಶೋಕಿಯಂತೆ ಸೇರಿಸಿ ಹೇಳುವುದು ನನಗೆ ಸರಿಬೀಳುವುದಿಲ್ಲ.

ಆ ಆಲ್ಬಮ್ಮಿನ ಹೆಸರಿನಲ್ಲಿ 'ಬೊಲಾಕ್ಸ್' ಎಂಬ ಪದವಿದೆ. ಅದರ ಅರ್ಥವನ್ನು ಮಗಳನ್ನು ಕೇಳಿ ನಾನೇ ಪೇಚಿಗೆ ಸಿಕ್ಕಿದೆ. ನೀವು ಯಾರನ್ನೂ ಕೇಳಬೇಡಿ. ಅದನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ್ದಕ್ಕೆ ನಾಟಿಂಗ್‌ಹ್ಯಾಮ್ ನಗರದ ಅಂಗಡಿಯ ಮ್ಯಾನೇಜರ್ ಒಬ್ಬನ ಮೇಲೆ 1889ರ ಒಂದು ಅಶ್ಲೀಲ ಜಾಹೀರಾತು ಕಾಯಿದೆಯಡಿ ಮೊಕದ್ದಮೆಯಾಯಿತು. ಆಗ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಜೇಮ್ಸ್ ಕಿನ್ಸ್‌ಲಿ ಕಟಕಟೆಗೆ ಬಂದು, ಅದು ಹಳೆಯ ಇಂಗ್ಲಿಷಿನ ಪದವೆಂದೂ, ಪಾದ್ರಿಗಳಿಗೆ ಅಡ್ಡಹೆಸರಾಗಿಯೂ ಬಳಕೆಯಲ್ಲಿತ್ತೆಂದೂ ಸಾಕ್ಷಿ ಹೇಳಿದರು. ಮೊಕದ್ದಮೆ ಬಿದ್ದುಹೋಯಿತು. ಪಂಡಿತರು ಸಮಯಕ್ಕೆ ಒದಗಿದ್ದನ್ನು ಕೇಳಿ ಮೇಷ್ಟ್ರಮ್ಮನಾದ ನನಗೆ ಬಹಳ ಸಂತೋಷವಾಯಿತು.

ಇನ್ನು ಮಗಳ ಪಕ್ಷ. ಅವಳು ಹೇಳುವುದು ಇಷ್ಟು. ಪಂಕ್ ಹಾಡುಗಳು ಗದ್ದಲವೆಂದು ಕೇಳಿಸಿದರೂ ಅವುಗಳ ಆಲ್ಬಮ್‌ಗಳು ಕೈಗೆ ಬಂದಂತೆ ಮಾಡಿದವಲ್ಲ. ಪಿಸ್ಟಲ್ಸ್ ಆಲ್ಬಮ್ಮಿನ ನಿರ್ಮಾಪಕರಲ್ಲಿ ಒಬ್ಬರಾದ ಕ್ರಿಸ್ ಥಾಮಸ್ ಯಾರು? ತಮ್ಮನ ಆರಾಧ್ಯ ಕೃತಿ 'ಡಾರ್ಕ್ ಸೈಡ್ ಆಫ್ ದ ಮೂನ್'ನ ಧ್ವನಿಮಿಶ್ರಣದ ಉಸ್ತುವಾರಿ ನೋಡಿದ್ದವರು! ಗಿಟಾರಿನ ಸ್ಟೀವ್ ಜೋನ್ಸ್ ಒಂದರ ಮೇಲೊಂದರಂತೆ ಪದರ ಪದರವಾಗಿ ನುಡಿಸಿ ಆ ಗೋಡೆಯಂಥ ನಾದ ಕಟ್ಟಿದ. ಸಿಡ್‌ಗೆ ನುಡಿಸಲು ಬಾರದ್ದರಿಂದ ಬೇಸ್ ಗಿಟಾರಿನ ಹೆಚ್ಚಿನ ಪಾಲನ್ನೂ ಅವನೇ ನುಡಿಸಿದ. ಶತ್ರುಗಳೆಂದು ಊರೆಲ್ಲ ತಿಳಿದ ಎರಡು ಮನೆಗೆ ಅಡಿಗೆಯವರು ಒಬ್ಬರೇ ಎಂದಹಾಗಾಯಿತು.

ರಮೋನ್ಸ್ ತಂಡದ 29 ನಿಮಿಷವನ್ನು ಮಗಳು ಹೇಳಿದಂತೆ ಒಂದೇ ಸಮನೆ, ನಡುವೆ ಎದ್ದು ಗ್ಯಾಸ್ ಆರಿಸದೆ ಕೇಳಿದೆ. ಬಿಡಿಯಾಗಿ ಕೇಳಿದಾಗ ಎಲ್ಲ ಒಂದೇ ಎನ್ನಿಸಿದ್ದ ಹಾಡುಗಳು ಒಟ್ಟಾಗಿ ಬಂದಾಗ ಬೇರೆಯಾದವು. ಒಂದು ಬಗೆಯ ಜಿಪುಣತನವೇ ಅಲ್ಲಿ ಸೊಗಸು. ಬೇಡದ್ದು ಒಂದು ಚೂರೂ ಇಲ್ಲ. ಆ ಆಲ್ಬಮ್ ಬಂದಾಗ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 111ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಐದು ಲಕ್ಷ ಪ್ರತಿಗಳಿಗೆ ಕೊಡುವ ಚಿನ್ನದ ಮನ್ನಣೆ ಸಿಕ್ಕಿದ್ದು 2014ರಲ್ಲಿ, 38 ವರ್ಷದ ಮೇಲೆ. ಅಷ್ಟರಲ್ಲಿ ನಾಲ್ವರಲ್ಲಿ ಮೂವರು ತೀರಿಹೋಗಿದ್ದರು. ಉಳಿದ ಟಾಮಿಯೂ ಅದೇ ವರ್ಷ ಹೋದ.

ಕ್ಲ್ಯಾಶ್ ತಂಡದ 'ಲಂಡನ್ ಕಾಲಿಂಗ್' ಮಗಳ ಬತ್ತಳಿಕೆಯ ದೊಡ್ಡ ಬಾಣ. 1979ರ ಡಿಸೆಂಬರ್ 14ರಂದು ಇಂಗ್ಲೆಂಡಿನಲ್ಲಿ ಬಂದ ಇದು ಎರಡು ತಟ್ಟೆಗಳ, 19 ಹಾಡುಗಳ ಆಲ್ಬಮ್. ಕೊಳ್ಳುವ ಹುಡುಗರ ಜೇಬು ನೋಡಿ ಒಂದು ತಟ್ಟೆಯ ಬೆಲೆಗೇ ಕೊಡಬೇಕೆಂದು ತಂಡದವರು ಹಟ ಹಿಡಿದರು. ಜಮೈಕಾದ ರೆಗೆ, ಹಳೆಯ ಅಮೆರಿಕನ್ ಹಾಡು, ಜಾಝ್ ಎಲ್ಲವೂ ಅದರಲ್ಲಿವೆ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 1989ರಲ್ಲಿ ಇದನ್ನು 1980ರ ದಶಕದ ಅತ್ಯುತ್ತಮ ಆಲ್ಬಮ್ ಎಂದಿತು. ಅಲ್ಲಿ ಅದು 1980ರ ಜನವರಿಯಲ್ಲಿ ಬಿಡುಗಡೆಯಾಗಿದ್ದರಿಂದ ಈ ಲೆಕ್ಕ. ನಮ್ಮ ಮಕ್ಕಳು ಹೀಗೆ ಇಸವಿ ಬರೆದರೆ ನಾನು ಅರ್ಧ ಮಾರ್ಕು ಕಳೆಯುತ್ತಿದ್ದೆ. ತಂಡದ ಗಾಯಕ ಜೋ ಸ್ಟ್ರಮ್ಮರ್ ಹುಟ್ಟಿದ್ದು ತುರ್ಕಿಯ ಅಂಕಾರಾದಲ್ಲಿ. ವಿದೇಶಾಂಗ ಸೇವೆಯಲ್ಲಿದ್ದ ಅವನ ತಂದೆ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಆದರೆ ತಮ್ಮನ ತಕರಾರು ಇಲ್ಲೂ ಇದೆ: "ಇಷ್ಟೆಲ್ಲ ಸೇರಿದ ಮೇಲೆ ಅದು ಪಂಕ್ ಹೇಗಾಯಿತು? ಪಂಕ್ ಬಿಟ್ಟಮೇಲೆ ತಾನೇ ಅವರಿಗೆ ದೊಡ್ಡ ಆಲ್ಬಮ್ ಮಾಡಲಾದದ್ದು?" ಇದಕ್ಕೆ ಮಗಳ ಬಳಿ ಉತ್ತರ ಗಟ್ಟಿಯಿರಲಿಲ್ಲ.

ಇಬ್ಬರೂ ಹೆಚ್ಚು ಮಾತಾಡದ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಈ ಸಂಗೀತದಲ್ಲಿ ಹೆಂಗಸರು ಎಷ್ಟೊಂದು ಮಂದಿ! 1975ರಲ್ಲೇ ನ್ಯೂಯಾರ್ಕಿನ ಪ್ಯಾಟಿ ಸ್ಮಿತ್ 'ಹಾರ್ಸಸ್' ಎಂಬ ಆಲ್ಬಮ್ ತಂದಳು. ಹೊದಿಕೆಯ ಚಿತ್ರದಲ್ಲಿ ಬಿಳಿ ಅಂಗಿ, ಕೆದರಿದ ಕೂದಲು, ಯಾರನ್ನೂ ಮೆಚ್ಚಿಸುವ ಗೊಡವೆಯಿಲ್ಲದ ನೋಟ. ಮದುವೆಯಾಗಿ ಡೆಟ್ರಾಯಿಟ್ ಕಡೆ ನೆಲೆಸಿ 1980ರ ದಶಕದ ಬಹುಪಾಲು ವೇದಿಕೆಯಿಂದ ದೂರವಿದ್ದಾಗ, ಮನೆಯವರು ಏಳುವ ಮುನ್ನ ನಸುಕಿನಲ್ಲೆದ್ದು ಬರೆಯುತ್ತಿದ್ದಳಂತೆ. ಆ ಸಮಯ ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹಾಲಿನವನು ಬರುವ ಮುಂಚಿನ ಆ ಒಂದು ಗಳಿಗೆ ಮಾತ್ರ ನಮ್ಮದು.

ಲಂಡನ್ನಿನ ಸ್ಲಿಟ್ಸ್ ತಂಡ ಶುರುವಾದಾಗ ಗಾಯಕಿ ಆರಿ ಅಪ್‌ಗೆ 14 ವರ್ಷ, ನಮ್ಮ ಒಂಬತ್ತನೇ ತರಗತಿಯ ಹುಡುಗಿ. ವಾದ್ಯ ಕಲಿತು ವೇದಿಕೆ ಹತ್ತಿದವರಲ್ಲ, ವೇದಿಕೆ ಹತ್ತಿ ವಾದ್ಯ ಕಲಿತವರು. 1979ರಲ್ಲಿ ಬಾರ್ಬಡೋಸ್ ಮೂಲದ ಡೆನಿಸ್ ಬೋವೆಲ್ ನಿರ್ಮಿಸಿದ ಅವರ ಆಲ್ಬಮ್ 'ಕಟ್' ಅನ್ನು ಕೇಳಿದರೆ, ಪಾತ್ರೆ ಚಮಚಗಳ ಸದ್ದೂ ತಾಳವಾಗಬಲ್ಲದೆಂದು ತಿಳಿಯುತ್ತದೆ. ಗಿಟಾರಿನ ವಿವ್ ಆಲ್ಬರ್ಟೀನ್ 2014ರಲ್ಲಿ ಆತ್ಮಕಥೆ ಬರೆದಳು. ಬಟ್ಟೆ, ಸಂಗೀತ, ಹುಡುಗರು, ಬೇರೇನೂ ಇಲ್ಲ ನಿನ್ನ ತಲೆಯಲ್ಲಿ ಎಂಬ ತಾಯಿಯ ಬೈಗುಳವೇ ಅದರ ಹೆಸರು. ತಾಯಂದಿರು ಎಲ್ಲ ದೇಶದಲ್ಲೂ ಒಂದೇ.

ನನ್ನ ಮನಸ್ಸಿಗೆ ಹತ್ತಿರವಾದವಳು ಎಕ್ಸ್-ರೇ ಸ್ಪೆಕ್ಸ್ ತಂಡದ ಪಾಲಿ ಸ್ಟೈರೀನ್. ತಂದೆ ಸೊಮಾಲಿಯಾದವನು, ತಾಯಿ ಬ್ರಿಟಿಷ್ ಮೂಲದವಳು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ ಅದನ್ನು ಮುಚ್ಚಿಕೊಳ್ಳದೆ ವೇದಿಕೆಯಲ್ಲಿ ಬಾಯಿ ತುಂಬ ಹಾಡಿದಳು. ತನ್ನ ವೇದಿಕೆಯ ಹೆಸರನ್ನು ಟೆಲಿಫೋನ್ ಡೈರೆಕ್ಟರಿಯ ಪ್ಲಾಸ್ಟಿಕ್ ವ್ಯಾಪಾರಿಗಳ ಪುಟದಿಂದ ಆರಿಸಿಕೊಂಡಳಂತೆ. 1978ರ 'ಜರ್ಮ್‌ಫ್ರೀ ಅಡೊಲೆಸೆಂಟ್ಸ್' ಆಲ್ಬಮ್ ತುಂಬ ಪ್ಲಾಸ್ಟಿಕ್ಕು, ಸೂಪರ್ ಮಾರ್ಕೆಟ್ಟು, ರಾಸಾಯನಿಕ, ಕನ್ನಡಿಯಲ್ಲಿ ಕಾಣುವ ತನ್ನದೇ ಮುಖದ ಭಯ. ಇಂದು ನಮ್ಮ ಊರಿನ ಕೆರೆಯ ಕೋಡಿಯಲ್ಲಿ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿರುವುದನ್ನು ನೋಡುವಾಗ, ಆ ಹುಡುಗಿ ಇದನ್ನು ಎಷ್ಟು ಮೊದಲೇ ಕಂಡಿದ್ದಳಲ್ಲ ಎನ್ನಿಸುತ್ತದೆ. ಅವಳ ಅತಿ ಪ್ರಸಿದ್ಧ ಮೊದಲ ಹಾಡು ಮಾತ್ರ ಈ ಆಲ್ಬಮ್ಮಿನಲ್ಲಿ ಮೊದಲು ಇರಲೇ ಇಲ್ಲ. ತಮ್ಮನಿಗೆ ಇದೂ ಒಂದು ಅಂಕ! ಕೀರ್ತಿಯ ಒತ್ತಡಕ್ಕೆ ಮನಸ್ಸಿನ ಆರೋಗ್ಯ ಕೆಟ್ಟು, ವೈದ್ಯರು ರೋಗವನ್ನೂ ತಪ್ಪಾಗಿ ಗುರುತಿಸಿ, 1979ರಲ್ಲಿ ತಂಡ ಬಿಟ್ಟಳು. ಮುಂದೆ ಹರೇ ಕೃಷ್ಣ ಪಂಥ ಸೇರಿ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1973ರಲ್ಲಿ ದಾನ ಕೊಟ್ಟಿದ್ದ ಲಂಡನ್ ಬಳಿಯ ಮಠದ ಮನೆಯಲ್ಲಿ ಮಗಳೊಂದಿಗೆ ಕೆಲಕಾಲ ಇದ್ದಳು. 2011ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಹತ್ತು ವರ್ಷದ ಮೇಲೆ, 2021ರಲ್ಲಿ, ಮಗಳು ಸೆಲೆಸ್ಟ್ ಬೆಲ್ ತಾಯಿಯ ಬಗ್ಗೆ ಒಂದು ಚಿತ್ರವನ್ನು ಜೊತೆಗಾರರೊಬ್ಬರೊಂದಿಗೆ ನಿರ್ದೇಶಿಸಿದಳು. ತಾಯಿ ಮುಗಿಸದೆ ಬಿಟ್ಟದ್ದನ್ನು ಮಗಳು ಕೂತು ಜೋಡಿಸಿದ ಹಾಗೆ.

ಅದೇ ಲಂಡನ್ನಿನಲ್ಲಿ, ಅದೇ 1976ರ ಆಗಸ್ಟ್‌ನಲ್ಲಿ, ಗ್ರನ್‌ವಿಕ್ ಎಂಬ ಫಿಲಂ ತೊಳೆಯುವ ಕಾರ್ಖಾನೆಯಿಂದ ಗುಜರಾತಿನ ಜಯಾಬೆನ್ ದೇಸಾಯಿ ಸೀರೆಯುಟ್ಟು ಹೊರನಡೆದರು. ಎರಡು ವರ್ಷ ನಡೆದ ಆ ಮುಷ್ಕರದಲ್ಲಿ ಹೆಚ್ಚಿನವರು ನಮ್ಮ ಕಡೆಯ ಹೆಂಗಸರೇ. ಜನಾಂಗ ದ್ವೇಷದ ವಿರುದ್ಧ 1978ರ ಏಪ್ರಿಲ್ 30ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ಹತ್ತಾರು ಸಾವಿರ ಜನ ಸೇರಿದಾಗ ಕ್ಲ್ಯಾಶ್, ಎಕ್ಸ್-ರೇ ಸ್ಪೆಕ್ಸ್ ಎರಡೂ ಹಾಡಿದವು. ಈ ಹಾಡುಗಳ ಸಿಟ್ಟನ್ನು ನಾನು ಆ ಕಾಲದ ಜೊತೆಗಿಟ್ಟೇ ಕೇಳಬೇಕಾಯಿತು.

ಹೀಗೆ ಎರಡೂ ಕಡೆಯ ಪತ್ರಿಕೆ ತಿದ್ದಿ ಮುಗಿದಾಗ ನನಗೆ ತೊಡಕಾದದ್ದು ಹಾಡಲ್ಲ, ಅಳತೆಗೋಲು. ಉದ್ದವಾದದ್ದು, ಪೂರ್ತಿಯಾದದ್ದು, ಒಂದೇ ಸೂತ್ರದಲ್ಲಿ ಹೆಣೆದದ್ದು ಮಾತ್ರ ದೊಡ್ಡದೆಂಬ ಕೋಲು ಯಾರದು? ಪಂಕ್ ಹುಡುಗರು ಮುರಿಯಲು ಹೊರಟದ್ದೇ ಆ ಕೋಲನ್ನು. ಅದನ್ನೇ ತಂದು ಅವರನ್ನು ಅಳೆದರೆ ನ್ಯಾಯವೇ? ನಮ್ಮಲ್ಲೇ ನೋಡಿ. ಅಕ್ಕಮಹಾದೇವಿ ಮಹಾಕಾವ್ಯ ಬರೆಯಲಿಲ್ಲ. ವಚನಗಳು ಒಂದೊಂದೇ ಬಂದವು, ಬೇಕಾದಷ್ಟೇ ಉದ್ದ. ಅವನ್ನು ಸಂವಾದದ ದಾರದಲ್ಲಿ ಪೋಣಿಸಿ ಶೂನ್ಯಸಂಪಾದನೆ ಎಂಬ ಗ್ರಂಥ ಮಾಡಿದ್ದು ಮುಂದೆ, 15ನೆಯ ಶತಮಾನದಲ್ಲಿ. ವಚನವನ್ನು ಪಂಕಿಗೆ ಹೋಲಿಸಿದಳೆಂದು ಕೋಪಿಸಿಕೊಳ್ಳಬೇಡಿ. ನಾನು ಹೇಳುತ್ತಿರುವುದು ಅಳತೆಗೋಲಿನ ಮಾತು. ಕಾವ್ಯ ಬರೆಯಲಿಲ್ಲವೆಂದು ಅಕ್ಕನನ್ನು ನಾವು ಕೆಳಗೆ ಕೂರಿಸಿದೆವೇ?

ಇಷ್ಟು ಯೋಚಿಸುತ್ತಿದ್ದಾಗಲೇ, ಒಂದು ಸಂಜೆ ಅಕ್ಕಿ ಆರಿಸುತ್ತ ಕೂತಿದ್ದಾಗ, ತಮ್ಮನ ಮಾತನ್ನು ಎಲ್ಲಿ ಕೇಳಿದ್ದೆನೆಂದು ನೆನಪಾಯಿತು. ಕೇಳಿದ್ದಲ್ಲ, ಹೇಳಿದ್ದು. ಹೇಳಿದವಳು ನಾನೇ.

ಅವನು ಎರಡನೇ ವರ್ಷದಲ್ಲಿದ್ದಾಗ ಹಳೆಯ ಗಿಟಾರ್ ಒಂದನ್ನು ಕೊಂಡು, ಹಾಸ್ಟೆಲಿನ ಮೂವರು ಗೆಳೆಯರೊಂದಿಗೆ ತಂಡ ಕಟ್ಟಿದ್ದ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೆಲವು ಹಾಡು ಮಾಡಿದ್ದ. ಆ ವರ್ಷ ಎರಡು ಪೇಪರು ಹೋದವು. ಅಪ್ಪ ಒಂದೂ ಮಾತಾಡಲಿಲ್ಲ. ಮಾತಾಡಿದ್ದು ನಾನು. ಆಗತಾನೆ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದೆ, ಲೋಕಕ್ಕೆಲ್ಲ ಬುದ್ಧಿ ಹೇಳುವ ಉತ್ಸಾಹ. "ನಾಲ್ಕು ಹಾಡು ಕಟ್ಟಿದವನನ್ನು ಯಾರೂ ದೊಡ್ಡವನು ಅನ್ನೋದಿಲ್ಲ ಕಣೋ. ಮಾಡಿದರೆ ಪೂರ್ತಿಯಾಗಿ ಮಾಡು, ಇಲ್ಲದಿದ್ದರೆ ಬಿಟ್ಟುಬಿಡು" ಎಂದಿದ್ದೆ. ಅವನು ಬಿಟ್ಟುಬಿಟ್ಟ. ಗಿಟಾರ್ ಮಾರಿದ ದುಡ್ಡಿನಲ್ಲಿ ಪರೀಕ್ಷೆಯ ಶುಲ್ಕ ಕಟ್ಟಿದ. ಪಾಸಾದ, ಕೆಲಸ ಸಿಕ್ಕಿತು, ಸಂಸಾರ ಚೆನ್ನಾಗಿದೆ. ನನ್ನ ಬುದ್ಧಿವಾದ ಫಲಿಸಿತೆಂದೇ ಇಷ್ಟು ವರ್ಷ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಆ ಮಾತನ್ನು ಅವನು ಇಷ್ಟು ಕಾಲ ತನ್ನ ಮಾತೆಂಬಂತೆ ಹೊತ್ತು, ದೀಪಾವಳಿಯ ದಿನ ನನ್ನ ಮಗಳ ಮುಂದೆ ಇಳಿಸಿದ್ದ.

ಸಂಕ್ರಾಂತಿಯ ಹಿಂದಿನ ದಿನ ತೀರ್ಪು ಹೇಳಲು ಅವನಿಗೆ ಫೋನ್ ಮಾಡಿದೆ. ನನ್ನ ತೀರ್ಪು ಹೀಗಿತ್ತು. ಪಂಕ್ ತಂಡಗಳಲ್ಲಿ ಬಹುಪಾಲು ಹಾಡಿನಲ್ಲೇ ದೊಡ್ಡವು, ಅಷ್ಟರ ಮಟ್ಟಿಗೆ ತಮ್ಮ ಸರಿ. ಬಝ್‌ಕಾಕ್ಸ್ ಅದಕ್ಕೆ ಸಾಕ್ಷಿ. ಆದರೆ ರಮೋನ್ಸ್‌ನ ಮೊದಲನೆಯದು, ಪಿಸ್ಟಲ್ಸ್‌ನ ಒಂದೇ ಒಂದು, 'ಜರ್ಮ್‌ಫ್ರೀ', 'ಕಟ್', ಇವು ಎಲ್ಲಿಂದ ಕತ್ತರಿಸಿದರೂ ಅದೇ ರುಚಿ ಇರುವ ಕೃತಿಗಳು. ಅವನ್ನು ದೊಡ್ಡ ಆಲ್ಬಮ್ ಅಲ್ಲವೆನ್ನಲು ನನಗೆ ಸಾಧ್ಯವಿಲ್ಲ, ಮಗಳೂ ಸರಿ. 'ಲಂಡನ್ ಕಾಲಿಂಗ್' ದೊಡ್ಡದು, ಪಂಕ್ ಹೌದೋ ಅಲ್ಲವೋ ಅದನ್ನು ಅವರಿಬ್ಬರೇ ತೀರ್ಮಾನಿಸಿಕೊಳ್ಳಲಿ. ಎಲ್ಲಕ್ಕಿಂತ ಮೊದಲು, ಆಲ್ಬಮ್ ಮಾಡದವರು ಚಿಕ್ಕವರು ಎಂಬ ಪ್ರಶ್ನೆಯ ಬುಡವೇ ತಪ್ಪು.

"ಇನ್ನೊಂದು ವಿಷಯ" ಎಂದೆ. "ಆ ಮಾತು ನಾನು ನಿನಗೆ ಹೇಳಿದ್ದು. ಅದೂ ತಪ್ಪು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಎರಡು ಪೇಪರು ಹೋಗಿದ್ದು ನಿಜ ಅಲ್ಲವಾ ಅಕ್ಕ" ಎಂದ. ನಗುತ್ತಿದ್ದನೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ.

ಹಬ್ಬಕ್ಕೆ ಬಂದವನು ಎಳ್ಳು ಬೆಲ್ಲದ ಡಬ್ಬಿಯ ಜೊತೆ ಒಂದು ಹಳೆಯ ಕ್ಯಾಸೆಟ್ಟು ತಂದಿದ್ದ. ಹಾಸ್ಟೆಲಿನ ಕೋಣೆಯಲ್ಲಿ ಮುದ್ರಿಸಿದ್ದಂತೆ. ಹೆಂಡತಿಗೂ ತೋರಿಸಿರಲಿಲ್ಲ. ಅಟ್ಟದ ಮೇಲಿದ್ದ ನಮ್ಮ ಟೇಪ್ ರೆಕಾರ್ಡರ್ ಇಳಿಸಿ, ಮಗಳು ಸ್ಪಿರಿಟ್ ಹಾಕಿ ಒರೆಸಿ, ಅಂತೂ ಇಂತೂ ನಡೆಯುವಂತೆ ಮಾಡಿದಳು. ಮೂರು ಹಾಡು, ಏಳು ನಿಮಿಷವೂ ಇಲ್ಲ. ನಿಷ್ಠುರವಾಗಿ ಹೇಳಬೇಕೆಂದರೆ ನೂರಕ್ಕೆ ನಲವತ್ತು. ಶ್ರುತಿ ಅಲ್ಲಲ್ಲಿ ತಪ್ಪಿದೆ, ಡ್ರಮ್ಮಿನ ಬದಲು ಯಾರೋ ಬಕೆಟ್ ಬಡಿದಿದ್ದಾರೆ. ಆದರೆ ಮೂರನೆಯ ಹಾಡಿನಲ್ಲಿ ನನ್ನ ತಮ್ಮ ಹತ್ತೊಂಬತ್ತು ವರ್ಷದ ಗಂಟಲು ಬಿಚ್ಚಿ ಹಾಡುತ್ತಾನೆ. ಆ ಗಂಟಲನ್ನು ನಾನು ಮರೆತೇಬಿಟ್ಟಿದ್ದೆ.

"ಮುಗಿಯಿತೇ?" ಎಂದರು ನಮ್ಮವರು.

"ಮುಗಿಯಿತು ಭಾವ" ಎಂದು ತಮ್ಮ ಎದ್ದ. ನಾನು ಅವನನ್ನು ಕೂರಿಸಿ, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಸುವುದು ಹೇಗೆಂದು ಮಗಳಿಗೆ ತೋರಿಸಿದೆ. ಅವಳಿಗೆ ಅದು ತಿಳಿದಿರಲಿಲ್ಲ.